ಮೂರನೇ ಕೋಣೆಯ ಹಸಿರು

ಕಂಪ್ಯೂಟರಿನ ಹೊಟ್ಟೆ ಬಿಚ್ಚಿದರೆ ಅದರ ಯಜಮಾನ ಎಂಥವನು ಅಂತ ಗೊತ್ತಾಗುತ್ತದೆ. ಕೆಲಸಕ್ಕೆ ಹೋದ ಕಡೆಯೆಲ್ಲ ಈ ಮಾತನ್ನು ನಗುತ್ತಾ ಹೇಳುವುದು ನನ್ನ ರೂಢಿ. ಅವತ್ತು ಬೆಳಿಗ್ಗೆ ಅಣ್ಣನ ಕೋಲ್ಡ್ ಸ್ಟೋರೇಜಿನಲ್ಲಿ ಹಳೇ ಯಂತ್ರದ ಪಕ್ಕದ ತಗಡು ಕಳಚಿದಾಗ ಮಾತ್ರ ನಗು ಬರಲಿಲ್ಲ. ಫ್ಯಾನಿನ ರೆಕ್ಕೆಗಳಿಗೆ ಬೆರಳು ದಪ್ಪ ಜಿಡ್ಡು ಮೆತ್ತಿತ್ತು. ಜಿಡ್ಡಿನ ಮೇಲೆ ಧೂಳು, ಧೂಳಿನ ಮೇಲೆ ಮೀನಿನ ಹುರುಪೆ. ಒಂದು ಮೂಲೆಯಲ್ಲಿ ಜಿರಲೆಯೊಂದು ಮಕ್ಕಳು ಮರಿ ಸಮೇತ ಸತ್ತು ಒಣಗಿತ್ತು. ಬ್ರಶ್ಶಿನಿಂದ ಕೆರೆದರೆ ಎಲ್ಲಿಂದಲೋ ಕೋಳಿಯ ಪುಕ್ಕ ಬಂತು. ಥೂ, ಕಂಪ್ಯೂಟರಿನೊಳಗೆ ಪುಕ್ಕ! ನಾನು ಕೈಗವಸು ಹಾಕಿಕೊಂಡೇ ಕೆಲಸ ಮಾಡುವವಳು. ಅವತ್ತು ಒಂದರ ಮೇಲೆ ಇನ್ನೊಂದು ಹಾಕಿಕೊಂಡೆ.

ಅದನ್ನು ಹಾಗೇ ಮೂಲೆಗೆ ತಳ್ಳಬಹುದಿತ್ತು. ಆದರೆ ಹಳೆಯ ಮಾಹಿತಿಯೆಲ್ಲ ಅದರಲ್ಲೇ ಇತ್ತು. ಅದನ್ನು ಹೊಸ ಯಂತ್ರಕ್ಕೆ ಸಾಗಿಸುವಷ್ಟು ಹೊತ್ತಾದರೂ ಈ ಮುದುಕ ಉಸಿರಾಡಬೇಕು. ಕಾದು ಕಾದು ತಾನಾಗಿಯೇ ಆರಿಹೋಗುವ ಕಾಯಿಲೆ ಅದಕ್ಕೆ. ಹಾಗಾಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೆರೆದು, ಒರೆಸಿ, ಊದಿ, ಫ್ಯಾನು ಮತ್ತೆ ಗಿರ್ರನೆ ತಿರುಗುವ ಹಾಗೆ ಮಾಡಿದೆ.

ನನ್ನ ಕಸುಬು ಸರ್ವರ್ ಹಾಕಿಕೊಡುವುದು. ತಮ್ಮ ಮಾಹಿತಿ ಹೊರಗಿನವರ ಕೈಗೆ ಹೋಗದೆ ತಮ್ಮ ಸೂರಿನ ಕೆಳಗೇ ಇರಲಿ ಅನ್ನುವ ಅಂಗಡಿ, ದವಾಖಾನೆ, ಗೋದಾಮುಗಳಿಗೆ ಹೋಗಿ, ಅವರಲ್ಲಿ ಯಾವ ಯಂತ್ರ ಇದೆಯೋ ಅದರಲ್ಲಿ ಸಾಫ್ಟ್‌ವೇರ್ ಕೂರಿಸುತ್ತೇನೆ, ಆಗಾಗ ಬಂದು ಅಪ್‌ಡೇಟ್ ಮಾಡುತ್ತೇನೆ. ಮೂರು ಬಗೆಯ ಯಂತ್ರಗಳ ಜತೆ ಏಗಿ ಏಗಿ ಅವು ನನಗೆ ನೆಂಟರೇ ಆಗಿಬಿಟ್ಟಿವೆ. ವಿಂಡೋಸ್ ಅಂದರೆ ಮನೆ ಅಳಿಯ. ಕೇಳಿದ್ದಕ್ಕೆಲ್ಲ ‘ಆಗಲಿ, ಮುಂದೆ’ ಅನ್ನುತ್ತಾನೆ, ಅವಸರದ ಹೊತ್ತಿಗೆ ಸರಿಯಾಗಿ ‘ಅಪ್‌ಡೇಟ್ ಆಗ್ತಾ ಇದೀನಿ, ಯಾರೂ ಎಬ್ಬಿಸಬೇಡಿ’ ಅಂತ ಮುಸುಕು ಹಾಕುತ್ತಾನೆ. ಮ್ಯಾಕ್ ಅಂದರೆ ಬೀಗಿತ್ತಿ. ಹೊಸ ಸಾಫ್ಟ್‌ವೇರ್ ಬಾಗಿಲಿಗೆ ಬಂದರೆ ‘ನೀನ್ಯಾರು, ಯಾರ ಪೈಕಿ’ ಅಂತ ಬುಡ ಕೆದಕದೆ ಒಳಗೆ ಬಿಡುವುದಿಲ್ಲ. ಲಿನಕ್ಸ್ ಅಂದರೆ ಮಾತಿಲ್ಲದ ಅತ್ತೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾಳೆ. ತಪ್ಪು ಹೇಳಿದರೆ ಮನೆ ಸುಟ್ಟು, ಸುಟ್ಟೆ ಅಂತಲೂ ಹೇಳದೆ ಕೂರುತ್ತಾಳೆ. ಮೂವರಲ್ಲಿ ನನಗೆ ಅತ್ತೆಯೇ ವಾಸಿ.

ಅಣ್ಣನ ಗೋದಾಮಿನಲ್ಲಿ ನಾಲ್ಕು ಶೀತಲ ಕೋಣೆಗಳು. ಮಾಂಸ, ಮೀನು, ಕೋಳಿ ತುಂಬಿದ ಕ್ರೇಟುಗಳನ್ನು ಅಲ್ಲಿ ಮೈನಸ್ ಹದಿನೆಂಟರಲ್ಲಿ ಇಡಬೇಕು. ಒಂದೊಂದು ಕೋಣೆಯಲ್ಲೂ ತಣ್ಣಗಿದೆಯೋ ಇಲ್ಲವೋ ಅಳೆಯುವ ಒಂದು ಸೆನ್ಸರ್. ಅದರಿಂದ ಹೊರಟ ತಂತಿ ಗೋಡೆಯುದ್ದಕ್ಕೂ ಬಂದು ಆಫೀಸಿನ ಪೆಟ್ಟಿಗೆಗೆ ಸೇರುತ್ತದೆ. ಸರ್ವರ್ ಆ ಪೆಟ್ಟಿಗೆಯನ್ನು ಕೇಳಿ ಕೇಳಿ ಪರದೆಯ ಮೇಲೆ ಅಂಕಿ ತೋರಿಸುತ್ತದೆ. ತಂಪಿದ್ದರೆ ಹಸಿರು. ಬಿಸಿಯಾದರೆ ಕೆಂಪು, ಜತೆಗೆ ಕಿವಿ ತೂತಾಗುವ ಸೈರನ್. ದಿನಾ ಮಧ್ಯಾಹ್ನ ಅಣ್ಣ ಹಸಿರು ಪರದೆಯ ಫೋಟೋ ತೆಗೆದು ಆಸ್ಪತ್ರೆಯ ಅಡುಗೆಮನೆಯ ಮೇಡಂಗೆ ಕಳಿಸುತ್ತಾನೆ. ಆಮೇಲೆ ಆಸ್ಪತ್ರೆಯ ಗಾಡಿ ಬಂದು ಮಾಂಸ ತುಂಬಿಕೊಂಡು ಹೋಗುತ್ತದೆ.

ಈಗ ಆಸ್ಪತ್ರೆಯ ಮೇಲಿನವರಿಗೆ ಫೋಟೋ ಸಾಲದಂತೆ. ಅಂಕಿಗಳನ್ನು ತಮ್ಮ ಪರದೆಯ ಮೇಲೇ, ಆಗಿಂದಾಗಲೇ ನೋಡಬೇಕಂತೆ. ವಿಂಡೋಸಿನಲ್ಲಿದ್ದ ಹಳೇ ಆವೃತ್ತಿಗೆ ಅದು ಬರುವುದಿಲ್ಲ. ಅಣ್ಣ ಹೊಸ ಯಂತ್ರ ತಂದ. ನನ್ನನ್ನು ಕರೆಯುವ ಮುಂಚೆ ತಾನೇ ಒಂದು ಕೈ ನೋಡಿಬಿಡೋಣ ಅಂತ ತನ್ನ ಮ್ಯಾಕ್ ಲ್ಯಾಪ್‌ಟಾಪಿನಲ್ಲಿ ಒಂದು ಸರ್ವರ್, ಲೆಕ್ಕ ಬರೆಯುವವರ ವಿಂಡೋಸಿನಲ್ಲಿ ಇನ್ನೊಂದು ಸರ್ವರ್ ಹಾಕಿದ್ದ. ಎರಡೂ ಅರೆಬೆಂದವು. ಎರಡೂ ಏಕಕಾಲಕ್ಕೆ ಅದೇ ಪೆಟ್ಟಿಗೆಯ ಜುಟ್ಟು ಹಿಡಿದು ಎಳೆದಾಡುತ್ತಿದ್ದವು. ಆ ಗಲೀಜನ್ನೂ ನಾನೇ ಬಳಿದೆ. ಆಮೇಲೆ ಹೊಸ ಯಂತ್ರಕ್ಕೆ ಲಿನಕ್ಸ್ ಹಾಕಿ ಕೂತೆ.

“ಏನೇ ಪುಟ್ಟಿ, ಊಟದ ಹೊತ್ತಿಗೆ ಮುಗಿಯುತ್ತಾ? ಆಮೇಲೆ ಗಾಡಿ ಬರುತ್ತೆ” ಅಂದ ಅಣ್ಣ. ಬಿಳೀ ಶರ್ಟು, ಇಸ್ತ್ರಿ ಮಡಿಕೆ ಹಾಗೇ ಇತ್ತು. ಅವನು ಎಲ್ಲಿ ನಿಂತರೂ ಆ ಜಾಗ ಶುಭ್ರವಾಗಿದೆ ಅನ್ನಿಸುವ ಹಾಗೆ ನಿಲ್ಲುತ್ತಾನೆ.

“ನೀನು ಇನ್ನೊಂದು ಸರ್ವರ್ ಹಾಕದೇ ಇದ್ರೆ ಮುಗಿಯುತ್ತೆ.”

ಅವನು ನಕ್ಕ. “ಅಕಸ್ಮಾತ್ ಎಡವಟ್ಟಾದ್ರೆ ಹಿಂದಕ್ಕೆ ಹೋಗೋ ದಾರಿ ಇದೆ ತಾನೇ?”

“ಅದಿಲ್ದೆ ನಾನು ಕೈನೇ ಹಾಕಲ್ಲ ಅಣ್ಣ. ಹಳೇ ಯಂತ್ರ ಹಾಗೇ ಇರುತ್ತೆ. ಪ್ಲಗ್ ಹಾಕಿದ್ರೆ ಓಡುತ್ತೆ.”

ಅಣ್ಣ ಅಂದರೆ ನನಗೆ ಬರೀ ಅಣ್ಣ ಅಲ್ಲ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವನು ಅವನು. ನನಗೆ ಊಟ ಮಾಡಿಸುವಾಗ ಮೊದಲ ತುತ್ತು ತಾನು ಬಾಯಿಗಿಟ್ಟುಕೊಂಡು, ಬಿಸಿ ನೋಡಿ, ರುಚಿ ನೋಡಿ, ಆಮೇಲೆ ನನಗೆ ಕೊಡುತ್ತಿದ್ದ. ದೊಡ್ಡಮ್ಮ ಸೊಂಟ ಮುರಿದುಕೊಂಡು ಇದೇ ಆಸ್ಪತ್ರೆ ಸೇರಿದ ದಿನದಿಂದ ಅವನದು ಒಂದೇ ಹಟ: “ಅವರಿಗೆ ಆಸ್ಪತ್ರೆ ಊಟ ಒಂದು ಅಗುಳೂ ಬೇಡ. ಮನೆಯಿಂದಲೇ ಹೋಗಬೇಕು.” ಅತ್ತಿಗೆ ಬೆಳಿಗ್ಗೆ ಎದ್ದು ಕ್ಯಾರಿಯರ್ ತುಂಬುತ್ತಾರೆ, ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೊಟ್ಟು ಹೋಗುತ್ತೇನೆ. ಇಂಥ ಮಗ ಯಾರಿಗಿರುತ್ತಾನೆ ಅಂತ ವಾರ್ಡಿನವರೆಲ್ಲ ಹೊಗಳುತ್ತಾರೆ. ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಮೈದುನನ ಮಗ ಅಂದರೆ ಇನ್ನೂ ಹೊಗಳುತ್ತಾರೆ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ದರ್ಜಿ ಹೆಂಗಸು. ಹೊಟ್ಟೆಯ ಆಪರೇಶನ್ ಆಗಿ ಮಲಗಿದ್ದಾರೆ. ಅವರಿಗೆ ಕ್ಯಾರಿಯರ್ ತರುವವರು ಯಾರೂ ಇಲ್ಲ. ಆಸ್ಪತ್ರೆಯವರು ಕೊಟ್ಟ ಮಾಂಸದ ಸೂಪನ್ನೇ ಕಣ್ಣು ಮುಚ್ಚಿ ಕುಡಿಯುತ್ತಾರೆ. ಅವತ್ತು ಬೆಳಿಗ್ಗೆ ನಾನು ಹೋದಾಗ ಬೇಸಿನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖ ಸುಣ್ಣದ ಬಣ್ಣ.

“ಹೊಟ್ಟೆ ತೊಳೆಸ್ತಾ ಇದೆ ಕಣಮ್ಮ. ವಾಂತಿ ಬಂದ್ರೆ ಹೊಲಿಗೆ ಜಗ್ಗುತ್ತೆ. ನಾನು ಹಾಕಿದ ಹೊಲಿಗೆ ಆಗಿದ್ರೆ ಬಿಚ್ಚುತ್ತಿರಲಿಲ್ಲ ಬಿಡು” ಅಂತ ನಗಲು ಹೋಗಿ, ನೋವಿಗೆ ಹಲ್ಲು ಕಚ್ಚಿಕೊಂಡರು. “ಶಕ್ತಿ ಬೇಕು, ಸೂಪ್ ಬಿಡಬೇಡಿ ಅಂತಾರೆ ನರ್ಸು. ಕುಡೀತೀನಿ. ಏನ್ ಮಾಡೋದು?”

ಆಗ ನನಗೆ ಅದು ಬರೀ ಪಾಪ ಅನ್ನಿಸಿತ್ತು, ಅಷ್ಟೇ.

ಹೊಸ ಯಂತ್ರದಲ್ಲಿ ಕೆಲಸ ಸಲೀಸಾಗಿಯೇ ಸಾಗಿತು. ಹಳೇ ಮಾಹಿತಿ ಬಂತು, ಹೊಸ ಆವೃತ್ತಿ ಅದನ್ನು ತನಗೆ ಬೇಕಾದ ಹಾಗೆ ಜೋಡಿಸಿಕೊಂಡಿತು. ಸೆನ್ಸರ್ ಪೆಟ್ಟಿಗೆಯನ್ನು ಮುಟ್ಟಲು ಸರ್ವರ್‌ಗೆ ಅನುಮತಿ ಬೇಕು ಅಂತ ಅತ್ತೆ ಮುಖ ತಿರುವಿದಳು, ಕೊಟ್ಟೆ. ಆಸ್ಪತ್ರೆಯವರು ಹೊರಗಿನಿಂದ ನೋಡುವುದಕ್ಕೆ ಒಂದು ಕಿಂಡಿ ತೆರೆದು, ಮೇಡಂಗೆ ಗುಪ್ತಪದ ಕಳಿಸಿದೆ. ಪುಟ ತೆರೆದುಕೊಂಡಿತು. ಒಂದನೇ ಕೋಣೆ ಹಸಿರು. ಎರಡು ಹಸಿರು. ನಾಲ್ಕು ಹಸಿರು. ಮೂರನೇದು ಬೂದು ಬಣ್ಣ, ಅಂಕಿಯ ಜಾಗದಲ್ಲಿ ‘ಸುದ್ದಿ ಇಲ್ಲ’.

ನನ್ನದೇ ಏನೋ ಎಡವಟ್ಟು ಅಂದುಕೊಂಡೆ. ನಮ್ಮ ಕಸುಬಿನಲ್ಲಿ ಮೊದಲು ಬೈದುಕೊಳ್ಳುವುದು ನಮ್ಮನ್ನೇ. ಅನುಮತಿ ಮತ್ತೆ ನೋಡಿದೆ. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಪೆಟ್ಟಿಗೆಯ ಹಿಂದೆ ಮೂರನೇ ಕೋಣೆಯ ತೂತಿಗೆ ಒಂದನೇ ಕೋಣೆಯ ತಂತಿ ಸಿಕ್ಕಿಸಿ ನೋಡಿದೆ. ಥಟ್ಟನೆ ಅಂಕಿ ಬಂತು. ಅಂದರೆ ಸರ್ವರ್ ಸರಿ, ಪೆಟ್ಟಿಗೆ ಸರಿ. ಇನ್ನು ಉಳಿದದ್ದು ತಂತಿ. ಆದರೆ ಬೆಳಿಗ್ಗೆ ಹಳೇ ಯಂತ್ರ ಆರಿಸುವ ಮುಂಚೆ ಅದೇ ಮೂರನೇ ಕೋಣೆ ಮೈನಸ್ ಹದಿನೆಂಟು ಅಂತ ಹಸಿರಾಗಿ ಹೊಳೆಯುತ್ತಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.

ಆಗ ನೆನಪಾಯಿತು. ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಅಂತ ಮಾಡಿದವರು ಬರೆದಿದ್ದರಲ್ಲಿ ಒಂದು ಸಣ್ಣ ಸಾಲಿತ್ತು. ಹಳೇ ಆವೃತ್ತಿಯಲ್ಲಿ ಸೆನ್ಸರ್ ಮೂಕಾದರೆ, ಯಂತ್ರ ಆರಿಸಿ ಮತ್ತೆ ಹಾಕಿದರೂ, ಅದು ಕೊನೆಗೆ ಹೇಳಿದ ಅಂಕಿಯನ್ನೇ ತೋರಿಸುತ್ತಾ ಇರುತ್ತಿತ್ತು. ಹೊಸದರಲ್ಲಿ ಹಾಗಿಲ್ಲ, ಸ್ವಲ್ಪ ಹೊತ್ತು ಕಾದು ಬೂದು ಮಾಡುತ್ತದೆ. ಓದಿದಾಗ ಇದೇನು ಮಹಾ ಅನ್ನಿಸಿತ್ತು. ಈಗ ಎದ್ದು ತಂತಿಯ ಹಿಂದೆ ಹೊರಟೆ.

ತಂತಿ ಗೋಡೆಯುದ್ದಕ್ಕೂ ಹೋಗಿ, ತೊಟ್ಟಿಕ್ಕುವ ಪೈಪಿನ ಪಕ್ಕದಲ್ಲಿ ತಿರುಗಿ, ಮೂರನೇ ಕೋಣೆಯ ಬಾಗಿಲ ಹತ್ತಿರ ನಿಂತುಬಿಟ್ಟಿತ್ತು. ಸೆನ್ಸರಿಗೆ ಸೇರಬೇಕಾದ ತುದಿಯನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಒಂದು ಮೊಳೆಗೆ ನೇತು ಹಾಕಿದ್ದರು. ಕಿತ್ತುಹೋದ ತಂತಿ ತಾನಾಗಿ ಸುರುಳಿ ಸುತ್ತಿಕೊಳ್ಳುವುದಿಲ್ಲ, ಮೊಳೆ ಹುಡುಕಿಕೊಂಡು ಹೋಗಿ ನೇತಾಡುವುದೂ ಇಲ್ಲ. ಮೊಳೆಯ ಸುತ್ತ ಗೋಡೆ ಕೈ ತಾಗಿ ತಾಗಿ ಕಪ್ಪಾಗಿತ್ತು.

ಕ್ರೇಟು ಹೊರುವ ಆಳು ಅಲ್ಲೇ ಕೂತು ಬೂಟು ತೊಳೆಯುತ್ತಿದ್ದ. ಯಾವಾಗಲೂ ಮೈಯಿಂದ ಆವಿ ಏಳುತ್ತಿರುತ್ತದೆ ಅಂತ ಅವನನ್ನು ಎಲ್ಲರೂ ಐಸಣ್ಣ ಅನ್ನುತ್ತಾರೆ. ಕೇಳಿದೆ.

“ಇದನ್ನ ಯಾರು ಕಿತ್ತಿದ್ದು ಐಸಣ್ಣ?”

“ಕೀಳೋದಲ್ಲ ಅಕ್ಕಾ, ಅದಕ್ಕೊಂದು ಟೈಮಿದೆ” ಅಂತ ಖುಷಿಯಾಗಿ ಎದ್ದು ಬಂದ. “ಮೋಟರು ಚೆನ್ನಾಗಿ ಓಡಿ ಹದಿನೆಂಟಕ್ಕೆ ಬರುತ್ತಲ್ಲ, ಆಗ ಟಪ್ ಅಂತ ಎಳೆದುಬಿಡಬೇಕು. ಆಮೇಲೆ ಹದಿನೆಂಟರಲ್ಲೇ ಇರುತ್ತೆ. ಎಷ್ಟು ದಿನ ಆದ್ರೂ ಅಲ್ಲಾಡಲ್ಲ! ಹದಿನೇಳಕ್ಕೆ ಎಳೆದ್ರೆ ಹದಿನೇಳಕ್ಕೆ ನಿಂತುಬಿಡುತ್ತೆ, ಆಗ ಸಾಹೇಬ್ರು ಬೈತಾರೆ. ಹೊಸಬರಿಗೆ ಇದು ಬರಲ್ಲ.”

“ಯಾಕೆ ಎಳೀಬೇಕು?”

“ಸೈರನ್ ಹೊಡ್ಕೊಳ್ಳುತ್ತಲ್ಲ ಅಕ್ಕಾ! ತಲೆ ಚಿಟ್ಟು ಹಿಡಿಯುತ್ತೆ.”

ಅವನಿಗೆ ಅದರಲ್ಲಿ ಕಳ್ಳತನವೇ ಕಾಣುತ್ತಿರಲಿಲ್ಲ. ಇದು ಅವನಿಗೆ ಒಂದು ಕೆಲಸ, ಕೈ ಪಳಗಿದ ಕೆಲಸ. ನಾನು ಬಾಗಿಲಿನ ಸರಳು ಎತ್ತಿದೆ.

ಹೇಗೆ ಹೇಳಲಿ? ಮೊದಲು ಬಂದದ್ದು ಬೆಚ್ಚನೆಯ ಗಾಳಿ. ಶೀತಲ ಕೋಣೆಯಿಂದ ಯಾರದೋ ಬಾಯಿಯಿಂದ ಬಂದ ಹಾಗೆ ಬೆಚ್ಚನೆಯ ಗಾಳಿ. ಅದರ ಹಿಂದೆ ವಾಸನೆ. ಸಿಹಿ ಸಿಹಿಯಾದ, ಗಂಟಲಿನ ಹಿಂಭಾಗಕ್ಕೆ ಅಂಟಿಕೊಳ್ಳುವ ವಾಸನೆ. ನೆಲದ ತುಂಬ ಇನ್ನೂ ಕರಗಿ ಮುಗಿಯದ ನಸುಗೆಂಪು ಬಣ್ಣದ ಮಂಜುಗಡ್ಡೆ, ಪದರ ಪದರ. ಹಗಲು ಕರಗಿ ಇಳಿದ ರಕ್ತ ರಾತ್ರಿ ಹೆಪ್ಪುಗಟ್ಟಿ, ಮರುದಿನ ಅದರ ಮೇಲೆ ಮತ್ತೆ ಇಳಿದು, ಮತ್ತೆ ಹೆಪ್ಪುಗಟ್ಟಿ ಅಷ್ಟೆತ್ತರ ಬೆಳೆದಿತ್ತು. ಕೆಳಗಿನ ಕ್ರೇಟುಗಳು ಅದರೊಳಗೆ ಹೂತು ಹೋಗಿದ್ದವು. ಒಂದರ ಮುಚ್ಚಳ ಎತ್ತಿದೆ. ಮಾಂಸದ ಅಂಚು ಹಸಿರಾಗಿತ್ತು. ಮುಟ್ಟಿದರೆ ಬೆರಳಿಗೆ ಲೋಳೆ ಎಳೆಎಳೆಯಾಗಿ ಬಂತು. ಬಾಗಿಲ ಪಕ್ಕದಲ್ಲಿ ಅರ್ಧ ಡ್ರಮ್ಮು ವಿನಿಗರ್ ಇಟ್ಟಿದ್ದರು, ಅದರೊಳಗೆ ಒಂದು ಪಾತ್ರೆ ತಿಕ್ಕುವ ಬ್ರಶ್ಶು. ಯಾಕೆ ಅಂತ ಐಸಣ್ಣನನ್ನು ಕೇಳುವ ಧೈರ್ಯ ಆಗಲಿಲ್ಲ, ಆದರೆ ಅವನಾಗಿಯೇ ಹೇಳಿದ. “ಕಳಿಸೋ ಮುಂಚೆ ಒಂದ್ಸಲ ಉಜ್ಜಿಬಿಟ್ರೆ ಏನೂ ಗೊತ್ತಾಗಲ್ಲ ಅಕ್ಕಾ.”

ನಾನು ಚರಂಡಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ಬಾಯಿ ಮುಕ್ಕಳಿಸುವಾಗ ಕಣ್ಣ ಮುಂದೆ ಬಂದದ್ದು ದರ್ಜಿ ಹೆಂಗಸು, ತೊಡೆಯ ಮೇಲೆ ಬೇಸಿನ್ನು. ಇವತ್ತಿನ ಗಾಡಿಯೂ ಇಲ್ಲಿಂದಲೇ ತುಂಬಿಕೊಂಡು ಹೋಗುತ್ತದೆ. ನಾಳೆಯೂ ಆಕೆ ಶಕ್ತಿ ಬರಲಿ ಅಂತ ಕಣ್ಣು ಮುಚ್ಚಿ ಕುಡಿಯುತ್ತಾರೆ.

ಅಣ್ಣ ಆಫೀಸಿನಲ್ಲಿ ಬೂದು ಬಣ್ಣವನ್ನು ನೋಡುತ್ತಾ ನಿಂತಿದ್ದ. “ಏನೇ ಇದು? ಅಪ್‌ಡೇಟ್ ಮಾಡು ಅಂದ್ರೆ ಇದ್ದದ್ದನ್ನೂ ಕೆಡಿಸಿಟ್ಟಿದೀಯಲ್ಲ!”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ನಾನು ಮೊಳೆಯ ಹತ್ತಿರ ಕತ್ತರಿಸಿ ತಂದಿದ್ದ ತಂತಿಯ ಸುರುಳಿಯನ್ನು ಮೇಜಿನ ಮೇಲೆ ಹಾಕಿದೆ.

“ಅಣ್ಣ, ಮೂರನೇದು ಕೆಟ್ಟು ಎಷ್ಟು ದಿನ ಆಯ್ತು?”

“ಕೆಟ್ಟಿಲ್ಲ ಕಣೇ. ಮೋಟರ್ ಸುಸ್ತಾಗಿದೆ. ಹಗಲು ಸ್ವಲ್ಪ ರೆಸ್ಟ್ ಕೊಟ್ಟು ರಾತ್ರಿ ಓಡಿಸ್ತೀವಿ. ಹೊಸ ಮೋಟರಿಗೆ ಹೇಳಿದೀನಿ, ಬರುತ್ತೆ.”

“ಮಾಂಸಕ್ಕೂ ರೆಸ್ಟಾ?”

“ರಾತ್ರಿ ಮತ್ತೆ ಗಟ್ಟಿ ಆಗುತ್ತಲ್ಲ. ನೀನು ಕಂಪ್ಯೂಟರ್‌ನೋಳು, ನಿನಗೆ ಇದೆಲ್ಲ ಗೊತ್ತಾಗಲ್ಲ. ಅಡುಗೆಮನೆಯಲ್ಲಿ ಕುದಿಸ್ತಾರೆ ಪುಟ್ಟಿ. ಕುದಿಸಿದ್ರೆ ಎಲ್ಲಾ ಸಾಯುತ್ತೆ.”

“ತಿಂದೋರೂನಾ?”

ಅವನ ಮುಖ ಬಿಗಿಯಿತು. “ಬಾಯಿಗೆ ಬಂದ ಹಾಗೆ ಮಾತಾಡಬೇಡ. ಇಷ್ಟು ದಿನದಲ್ಲಿ ಒಬ್ಬರಾದ್ರೂ ದೂರು ಹೇಳಿದಾರಾ?”

“ಆಸ್ಪತ್ರೆಯಲ್ಲಿ ಮಲಗಿರೋರಿಗೆ ವಾಂತಿ ಬಂದ್ರೆ ಕಾಯಿಲೆಯಿಂದ ಬಂತು ಅಂದ್ಕೋತಾರೆ ಅಣ್ಣ. ಯಾರು ದೂರು ಹೇಳ್ತಾರೆ?” ಇಷ್ಟು ಹೇಳುವಷ್ಟರಲ್ಲಿ ನನಗೆ ಇನ್ನೊಂದು ಹೊಳೆಯಿತು. ಹೊಳೆಯಬಾರದಿತ್ತು. “ದೊಡ್ಡಮ್ಮಂಗೆ ಯಾಕೆ ದಿನಾ ಕ್ಯಾರಿಯರ್ ಕಳಿಸ್ತೀಯ?”

ಅವನು ಶರ್ಟಿನ ತೋಳು ಸರಿ ಮಾಡಿಕೊಂಡ. ಸುಳ್ಳು ಹುಡುಕುತ್ತಿದ್ದಾನೆ ಅಂದುಕೊಂಡೆ. ಹುಡುಕುತ್ತಿರಲಿಲ್ಲ.

“ಅವರು ನಮ್ಮೋರು ಪುಟ್ಟಿ” ಅಂದ.

ಎಷ್ಟು ಪ್ರೀತಿಯಿಂದ ಹೇಳಿದ ಅಂದರೆ, ಕೋಣೆಯ ವಾಸನೆಗಿಂತ ಹೆಚ್ಚಾಗಿ ಆ ಪ್ರೀತಿಗೆ ನನಗೆ ವಾಕರಿಕೆ ಬಂತು. ಮನೆಗೆ ಮಾರಿ, ಪರರಿಗೆ ಉಪಕಾರಿ ಅಂತಾರೆ. ಇವನು ಅದನ್ನು ತಿರುವಿ ಹಾಕಿಕೊಂಡು ಸುಖವಾಗಿದ್ದ. ಅವನು ನನಗೆ ತಿನ್ನಿಸಿದ ತುತ್ತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದ ಹಾಗಾಯಿತು. ಇಂಥವನನ್ನು ದೇವರ ಹಾಗೆ ಕಂಡೆನಲ್ಲ ಅಂತ ಅಸಹ್ಯವಾಯಿತು, ಅವನನ್ನು ಈಗಲೂ ‘ಅಣ್ಣ’ ಅನ್ನದೆ ಬೇರೆ ಏನೂ ಅನ್ನಲು ಬರುವುದಿಲ್ಲವಲ್ಲ ಅಂತ ಇನ್ನೂ ಅಸಹ್ಯವಾಯಿತು.

“ಈಗ ಹಳೇದನ್ನೇ ಹಾಕು” ಅಂದ ಅವನು, ಮೆತ್ತಗೆ. “ಅಪ್‌ಡೇಟ್ ಸರಿ ಹೋಗ್ಲಿಲ್ಲ, ಸಾಫ್ಟ್‌ವೇರ್ ತೊಂದ್ರೆ ಅಂದ್ರೆ ಮುಗೀತು. ಎಲ್ಲರೂ ನಂಬ್ತಾರೆ.”

ನಂಬುತ್ತಾರೆ, ಅದೇ ಸಂಕಟ. ಅಪ್‌ಡೇಟ್ ಕೆಟ್ಟಿತು ಅಂದರೆ ಲೋಕದಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ನಮ್ಮ ಕಸುಬಿನವರು ಸಾವಿರ ಸಲ ಹೇಳಿ ಹೇಳಿ ಹಾದಿ ಸವೆಸಿಟ್ಟ ಸುಳ್ಳು ಅದು.

“ಹಾಕಲ್ಲ.”

“ಹಾಕಲ್ವಾ?”

“ಸತ್ತರೂ ಹಾಕಲ್ಲ ಅಣ್ಣ. ಆ ಕೋಣೆ ಖಾಲಿ ಮಾಡಿಸು. ಗುಂಡಿ ತೋಡಿ ಹೂಳಿಸು. ಆಮೇಲೆ ಬೇಕಾದ್ರೆ ನಿನ್ನ ಕಾಲು ಹಿಡ್ಕೊಂಡು ಕೆಲಸ ಮಾಡ್ಕೊಡ್ತೀನಿ.”

ಅವನು ಬಗ್ಗಿ ಹಳೇ ಯಂತ್ರವನ್ನು ನೆಲದಿಂದ ಎತ್ತಿ ಮೇಜಿನ ಮೇಲಿಟ್ಟ. ಪೆಟ್ಟಿಗೆಯ ತಂತಿಯನ್ನು ಹೊಸದರಿಂದ ಕಿತ್ತು ಹಳೇದಕ್ಕೆ ಸಿಕ್ಕಿಸಿದ, ಪ್ಲಗ್ ಹಾಕಿದ. ಪ್ಲಗ್ ಹಾಕಿದರೆ ಓಡುತ್ತದೆ ಅಂತ ನಾನೇ ಹೇಳಿದ್ದೆ. ಯಾವತ್ತೂ ಗೊರಗೊರ ಅನ್ನುತ್ತಿದ್ದ ಮುದುಕ ಅವತ್ತು ಉಸಿರು ಸಲೀಸಾಗಿ ಬಿಟ್ಟುಕೊಂಡು ಎದ್ದು ಕೂತ. ಹೊಟ್ಟೆ ಕೆರೆದು ಕೆರೆದು ತೊಳೆದವಳು ನಾನೇ ತಾನೆ?

ಪರದೆ ತೆರೆಯಿತು. ಒಂದು ಹಸಿರು, ಎರಡು ಹಸಿರು, ಮೂರು ಹಸಿರು, ನಾಲ್ಕು ಹಸಿರು. ಮೂರನೇ ಕೋಣೆ ಮೈನಸ್ ಹದಿನೆಂಟು. ಅದರ ತಂತಿ ರಬ್ಬರ್ ಬ್ಯಾಂಡ್ ಸಮೇತ ಮೇಜಿನ ಮೇಲೆ ನಮ್ಮಿಬ್ಬರ ನಡುವೆ ಬಿದ್ದಿತ್ತು, ಅಂಕಿ ಮಾತ್ರ ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಅಣ್ಣ ಫೋನು ತೆಗೆದು ಫೋಟೋ ಹೊಡೆದು ಕಳಿಸಿದ.

ಅಷ್ಟರಲ್ಲಿ ಫೋನು ಬಂತು, ಅಡುಗೆಮನೆಯ ಮೇಡಂದು. ಅಣ್ಣ ತೆಗೆಯುವ ಮುಂಚೆ ನಾನು ಕಸಿದುಕೊಂಡೆ.

“ಮೇಡಂ, ನಾನು ಸರ್ವರ್ ಹಾಕೋಳು. ಸ್ವಲ್ಪ ಮುಂಚೆ ನಿಮ್ಮ ಪರದೆ ಮೇಲೆ ಬೂದು ಬಣ್ಣ ಬಂತಲ್ಲ, ಅದೇ ನಿಜ. ಈಗ ಬಂದಿರೋ ಫೋಟೋ ಸುಳ್ಳು. ಸಾಫ್ಟ್‌ವೇರ್ ಕೆಟ್ಟಿಲ್ಲ, ಮಾಂಸ ಕೆಟ್ಟಿದೆ. ನಾನು ಮುಟ್ಟಿ ನೋಡಿದೀನಿ. ಗಾಡಿ ಕಳಿಸಬೇಡಿ.”

ಆ ಕಡೆ ಪಾತ್ರೆಗಳ ಸದ್ದು. ಯಾರೋ ಯಾರಿಗೋ ಬೈಯುತ್ತಿದ್ದರು. ಮೇಡಂ ದನಿಯಲ್ಲಿ ಗಾಬರಿ ಇರಲಿಲ್ಲ, ದಣಿವಿತ್ತು.

“ನೋಡಮ್ಮ, ಮಾಂಸ ನೋಡೋದು ನನ್ನ ಕೆಲಸ ಅಲ್ಲ. ನನಗೆ ಹಸಿರು ಬಂದಿದ್ರೆ ತಗೋಬೇಕು, ಕೆಂಪು ಬಂದಿದ್ರೆ ಬಿಡಬೇಕು. ಹಸಿರು ಬಂದಿದೆ.”

“ಅದು ಸುಳ್ಳು ಅಂತ ಹೇಳ್ತಾ ಇದೀನಲ್ಲ!”

“ಬಾಯಲ್ಲಿ ಹೇಳಿದ್ದನ್ನ ಎಲ್ಲಿ ತೋರಿಸ್ಲಿ? ನಾಳೆ ಅಷ್ಟೂ ಜನಕ್ಕೆ ನಾನು ಏನು ಬೇಯಿಸಿ ಹಾಕ್ಲಿ, ನೀನು ಬಂದು ಹೇಳ್ತೀಯಾ? ಗಾಡಿ ಹೊರಟಾಗಿದೆ. ಇವತ್ತಿಗೆ ಫೋಟೋ ಸಾಕು.” ಇಡಲು ಹೋದವರು ಏನೋ ನೆನಪಾದವರ ಹಾಗೆ ಮತ್ತೆ ಅಂದರು, “ಹೊಸದು ಹಾಕುವಾಗ ಆ ಬೂದು ಬಣ್ಣ ತೆಗೆಸಿಬಿಡು. ಮೇಲಿನವರು ನೋಡಿದ್ರೆ ಸುಮ್ನೆ ತಲೆನೋವು.”

ಫೋನು ಅಣ್ಣನ ಕೈಗೆ ಕೊಟ್ಟೆ. ಅವನು ಗೆದ್ದವನ ಹಾಗೆ ನಗಲಿಲ್ಲ, ಅದನ್ನು ಒಪ್ಪಬೇಕು. ನನ್ನ ತಲೆ ಸವರಲು ಕೈ ಚಾಚಿದ. ನಾನು ಹಿಂದೆ ಸರಿದೆ. ಆ ಕೈಯಿಂದ ಸೋಪಿನ ವಾಸನೆ ಬರುತ್ತಿತ್ತು.

ಅಲ್ಲಿಗೆ ನನ್ನ ಕಸುಬು ಮುಗಿಯಿತು. ಪರದೆಯ ಮೇಲೆ ಸತ್ಯ ಬರುವ ಹಾಗೆ ಮಾಡುವುದಷ್ಟೇ ನನಗೆ ಗೊತ್ತಿದ್ದದ್ದು. ಅದನ್ನು ನೋಡಿ ಯಾರಿಗೂ ಬೇಡ ಅಂದರೆ ಮುಂದಿನ ಆವೃತ್ತಿ ಅಂತ ಏನೂ ಇಲ್ಲ. ಯಾವ ಯಂತ್ರಕ್ಕೆ ಹಾಕಿದರೂ ಅಷ್ಟೇ, ಅಳಿಯನಾದರೂ ಅಷ್ಟೇ, ಅತ್ತೆಯಾದರೂ ಅಷ್ಟೇ.

ಹೊರಗೆ ಅಣ್ಣ ಐಸಣ್ಣನಿಗೆ ಹೇಳುತ್ತಿದ್ದ: “ಮೂರನೇದರಿಂದ ಮುಂದಿನ ಸಾಲು ತೆಗಿ. ಚೆನ್ನಾಗಿ ಉಜ್ಜು, ಇವತ್ತು ಎರಡು ಸಲ ಉಜ್ಜು.”

ನೆಲ ತೊಳೆಯುವ ಜಾಗದಲ್ಲಿ ಫಿನಾಯಿಲ್ ಕ್ಯಾನುಗಳಿದ್ದವು. ದೊಡ್ಡ, ಕಪ್ಪು ಕ್ಯಾನುಗಳು. ಒಂದನ್ನು ಎಳೆದುಕೊಂಡು ಮೂರನೇ ಕೋಣೆಗೆ ಹೋದೆ. ಮುಂದಿನ ಸಾಲಿನ ಮೊದಲ ಕ್ರೇಟಿನ ಮುಚ್ಚಳ ತೆಗೆದು ಸುರಿದೆ. ಗಳಗಳ ಅಂತ ಕಪ್ಪಾಗಿ ಬಿದ್ದು, ಮಾಂಸದ ಸಂದುಗಳಿಗೆ ಇಳಿದು, ಬೆಳ್ಳಗೆ ತಿರುಗಿತು. ಎರಡನೇದಕ್ಕೆ ಸುರಿದೆ. ಐಸಣ್ಣ ಬಾಗಿಲಲ್ಲಿ ಬಂದು ಬಾಯಿ ಬಿಟ್ಟುಕೊಂಡು ನಿಂತ. “ಅಕ್ಕಾ, ಇದು ಉಜ್ಜಿದ್ರೂ ಹೋಗಲ್ವಲ್ಲ ಅಕ್ಕಾ” ಅಂದ. ನಿಜವಾಗಿಯೂ ಬೇಜಾರಾಗಿತ್ತು ಅವನಿಗೆ.

ಅಣ್ಣ ಓಡಿ ಬಂದ. ಬೈದ, ಕೂಗಿದ. ನಾನು ಮುಂದಿನ ಕ್ರೇಟಿಗೆ ಹೋದೆ. ಅವನು ಕೂಗುವುದನ್ನು ನಿಲ್ಲಿಸಿ ಐಸಣ್ಣನ ಕಡೆ ತಿರುಗಿದ. “ಮೇಲಿಂದು ಹೋದ್ರೆ ಹೋಗ್ಲಿ. ಕೆಳಗಿನ ಸಾಲು ಬಿಡಿಸಿ ತೆಗಿ, ಬೇಗ.” ಗಟ್ಟಿ ರಕ್ತದಲ್ಲಿ ಹೂತಿದ್ದ ಆ ಕೆಳಗಿನ ಸಾಲು! ಅದನ್ನೂ ಬಿಡುವುದಿಲ್ಲ ಇವನು. ಮೇಲಿನ ಕ್ರೇಟುಗಳನ್ನು ಕಾಲಿನಿಂದ ಒದ್ದು ಉರುಳಿಸಿದೆ. ಕೆಳಗಿನವುಗಳ ಮುಚ್ಚಳ ಏಳಲಿಲ್ಲ. ಅವುಗಳನ್ನು ಬಿಡಿಸಲು ಐಸಣ್ಣ ತಂದಿದ್ದ ಕಬ್ಬಿಣದ ಸರಳನ್ನೇ ಕಿತ್ತುಕೊಂಡು ಒಡೆದೆ. ಒಡೆದಲ್ಲೆಲ್ಲ ಸುರಿದೆ. ಬೂಟು ಜಾರಿ ಎರಡು ಸಲ ಬಿದ್ದೆ, ಬಿದ್ದಲ್ಲಿಂದಲೇ ಸುರಿದೆ. ಬಟ್ಟೆ, ಕೂದಲು, ಬಾಯಿ ಎಲ್ಲಾ ಆ ಲೋಳೆ. ಇನ್ನೊಂದು ಕ್ಯಾನು ತರಲು ಹೋದಾಗ ಯಾರೂ ಅಡ್ಡ ಬರಲಿಲ್ಲ, ನನ್ನ ಮೈ ತಾಗೀತು ಅಂತ ದಾರಿ ಬಿಟ್ಟರು.

ಕೊನೆಯ ಕ್ರೇಟಿಗೆ ಸುರಿಯುವಾಗ ಹೊರಗೆ ಗಾಡಿಯ ಹಾರನ್ ಕೇಳಿಸಿತು. ಅಣ್ಣ ಬಾಗಿಲಲ್ಲೇ ನಿಂತಿದ್ದ. ಎಷ್ಟೋ ದಿನದಿಂದ ಈ ಕೋಣೆಗೆ ಬಂದು ಹೋಗಿ ಮಾಡಿದವನು, ಇಲ್ಲೇ ನಿಂತು ಯಾವ ಸಾಲು ತೆಗೀಬೇಕು ಅಂತ ಕೈ ತೋರಿಸಿದವನು. ಈಗ ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದ. ಬಿಡಿಸಿ, ಮೂಗಿಗೆ ಒತ್ತಿ ಹಿಡಿದುಕೊಂಡ.

“ಥೂ! ಎಂಥಾ ನಾತ ಎಬ್ಬಿಸಿಬಿಟ್ಟೆ ಕಣೇ” ಅಂದ.